ರಾಣಿಯ ಗಂಡನಿಗೆ ಪಟ್ಟವಿಲ್ಲ

ಮೈಸೂರಿನಲ್ಲಿ ಹನ್ನೊಂದು ವರ್ಷ ಇತಿಹಾಸ ಪಾಠ ಹೇಳಿದ್ದ ದ್ವಾರಕಾನಾಥರು ಅಮೆರಿಕದ ಲಿವೋನಿಯಾಕ್ಕೆ ಬಂದದ್ದು ಹೆಂಡತಿಯ ಬೆನ್ನಿಗೆ. ಇಂದುಮತಿ ಮಕ್ಕಳ ಡಾಕ್ಟರು. ವೀಸಾ, ಮನೆ, ಕಾರು ಎಲ್ಲ ಅವಳ ದೆಸೆಯಿಂದ. ಇವರಿಗೆ ಸಿಕ್ಕಿದ್ದು ಪಕ್ಕದೂರು ಪ್ಲಿಮತ್ತಿನ ಗೋದಾಮೊಂದರಲ್ಲಿ ಕಾರಿನ ಬಿಡಿಭಾಗಗಳ ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸ. ಕೆಲಸದ ಬಗ್ಗೆ ಅವರಿಗೆ ಅಷ್ಟು ಬೇಸರವಿರಲಿಲ್ಲ. ತಮ್ಮ ಪಾಠ ಕೇಳಲು ಮನೆಯಲ್ಲಿ ಹೆಂಡತಿಯೊಬ್ಬಳೇ ಉಳಿದಳಲ್ಲ ಎಂಬುದೇ ಸಂಕಟ.

ಊಟಕ್ಕೆ ಕೂತಾಗ ಅವಳಿಗೆ ಹೇಳುತ್ತಿದ್ದದ್ದೂ ಹೆಚ್ಚಾಗಿ ಒಂದೇ ಕಥೆ. ೧೮೪೦ರ ಜೂನಿನಲ್ಲಿ ಲಂಡನ್ನಿನಲ್ಲಿ ಯುವಕನೊಬ್ಬ ವಿಕ್ಟೋರಿಯಾ ರಾಣಿಯ ಸಾರೋಟಿನತ್ತ ಎರಡು ಸಲ ಪಿಸ್ತೂಲು ಹಾರಿಸಿದ. ರಾಣಿ ಬದುಕಿದಳು. ಬದುಕದಿದ್ದರೆ ಏನಾಗುತ್ತಿತ್ತು?

ಹೊರಗೆ ಹೇಳಲು ಜಾಗವಿರಲಿಲ್ಲವೆಂದಲ್ಲ. ಕನ್ನಡದವರು ಹಬ್ಬಕ್ಕೆ ಸೇರಿದಾಗ ಊಟವಾದ ಮೇಲೆ ಹತ್ತು ನಿಮಿಷದ ಭಾಷಣಗಳಿರುತ್ತಿದ್ದವು. ಬಾಗಿಲ ಬಳಿಯ ಪಟ್ಟಿಯಲ್ಲಿ ಅವರವರೇ ಹೆಸರು ಬರೆಯಬೇಕು. ದ್ವಾರಕಾನಾಥರು ಬರೆಯಲಿಲ್ಲ. ಮೇಷ್ಟರನ್ನು ಸಭೆಯವರೇ ಬಂದು ಕರೆಯಬೇಕು! ಹೀಗೆ ಬಿಗಿದುಕೊಂಡು ಮೂರು ಯುಗಾದಿ ಕಳೆದವು. ಪ್ರತಿ ಸಲವೂ ಎಂಜಿನಿಯರ್ ರಘೋತ್ತಮ ಮಾತಾಡಿ ಚಪ್ಪಾಳೆ ಗಿಟ್ಟಿಸಿದ. ಅವನ ಜೋಕಿಗೆ ಇಂದುಮತಿಯೂ ನಕ್ಕಾಗ ಇವರಿಗೆ ಹೋಳಿಗೆಯೂ ಕಹಿಯಾಯಿತು.

೧೯೭೪ರ ಯುಗಾದಿಗೆ ರಘೋತ್ತಮ ಎದ್ದು, "ವಿಕ್ಟೋರಿಯಾ ರಾಣಿಗೆ ಆವತ್ತು ಗುಂಡು ಬಿದ್ದಿದ್ರೆ?" ಎಂದು ಶುರುಮಾಡಿದ.

ದ್ವಾರಕಾನಾಥರು ಕುರ್ಚಿಯ ತುದಿಗೆ ಸರಿದರು. ತಮ್ಮ ಕಥೆ! ಇಂದುಮತಿಯನ್ನು ಬಿಟ್ಟು ಇನ್ಯಾರು ಹೇಳಿರಬಲ್ಲರು? ತಿರುಗಿ ನೋಡಿದರೆ ಅವಳು ಸೆರಗಿನ ಅಂಚು ನೋಡುತ್ತಿದ್ದಳು. ಮನೆಯ ಊಟದ ಮೇಜಿನ ಮಾತು ಈ ಬಾಯಿಬಡುಕನ ಪಾಲಾಯಿತೇ?

"ಗಂಡ ಆಲ್ಬರ್ಟ್ ರಾಜ ಆಗ್ತಿದ್ದ. ಐರ್ಲೆಂಡಿನವರು ಸುಖವಾಗಿರ್ತಿದ್ರು," ಎಂದ ರಘೋತ್ತಮ.

"ತಪ್ಪು!"

ದ್ವಾರಕಾನಾಥರು ಆಗಲೇ ಎದ್ದು ಮೈಕಿನತ್ತ ನಡೆದಿದ್ದರು. "ಗಂಡನಿಗೆ ಎಲ್ಲಿಯ ಪಟ್ಟ ಸ್ವಾಮಿ? ರಾಣಿಗೆ ಇನ್ನೂ ಮಕ್ಕಳಾಗಿರಲಿಲ್ಲ, ಬಸುರಿ. ಸಿಂಹಾಸನ ಹೋಗ್ತಿದ್ದದ್ದು ಚಿಕ್ಕಪ್ಪ ಅರ್ನೆಸ್ಟನಿಗೆ. ಐರ್ಲೆಂಡಿನ ಕ್ಯಾಥಲಿಕರಿಗೆ ಹಕ್ಕು ಕೊಡಬಾರದು ಅಂತ ಹಟ ಹಿಡಿದಿದ್ದವನು ಅವನು! ಐದು ವರ್ಷಕ್ಕೆ ಅಲ್ಲಿ ಆಲೂಗಡ್ಡೆ ಕೊಳೆತು ಕ್ಷಾಮ ಬಂತು. ಅಂಥ ರಾಜ ಕೂತಿದ್ದಿದ್ರೆ ಹಸಿದ ಜನ ಅರ್ಜಿ ಬರೀತಾ ಕೂತಿರ್ತಿದ್ರಾ? ಐರ್ಲೆಂಡ್ ಆಗಲೇ ಸಿಡಿದು ಹೋಗ್ತಿತ್ತೋ ಏನೋ. ಇಂಗ್ಲಿಷರೇ ರಾಜನೇ ಬೇಡ ಅಂತ ಅರಮನೆಗೆ ಬೀಗ ಹಾಕ್ತಿದ್ರೋ ಏನೋ!"

ಹತ್ತು ನಿಮಿಷ ಮುಗಿದು ನಲವತ್ತಾಯಿತು. ಯಾರೂ ಏಳಲಿಲ್ಲ. ಧಾರವಾಡದ ಕಡೆಯ ಹಿರಿಯ ಡಾಕ್ಟರ್ ಪಂಚಾಕ್ಷರಿ ಹಿಂದಿನಿಂದ ಕೇಳಿದರು: "ಹಂಗಾರ ಆ ಗಂಡನ ಗತಿ ಏನ್ರೀ?"

"ಪರದೇಶದಿಂದ ಬಂದವನು, ಗಂಟುಮೂಟೆ ಕಟ್ಕೊಂಡು ತನ್ನೂರಿಗೆ ವಾಪಸ್. ರಾಣಿ ಇದ್ರೆ ಅವನು. ಇಲ್ದಿದ್ರೆ ಅವನನ್ನ ಯಾರು ಕೇಳ್ತಾರೆ?"

ಹೇಳುತ್ತಿದ್ದಂತೆಯೇ ಅವರ ದನಿ ಇಳಿಯಿತು. ಕಣ್ಣು ಇಂದುಮತಿಯನ್ನು ಹುಡುಕಿತು. ಸಭೆ ಚಪ್ಪಾಳೆ ತಟ್ಟಿತು. ಅವಳು ತಟ್ಟಲಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದಳು.

ವಾಪಸಾಗುವಾಗ ಕಾರು ಓಡಿಸುತ್ತಿದ್ದವಳು ಅವಳೇ. "ಕಥೆ ಅವನಿಗೆ ಯಾಕೆ ಕೊಟ್ಟೆ?" ಎಂದು ಅವರು ಸಿಡುಕಿದರು.

"ಆಲ್ಬರ್ಟ್ ರಾಜ ಆಗ್ತಿದ್ದ ಅಂತ ತಪ್ಪು ಹೇಳಿ ಅಂತಾನೂ ಅವರಿಗೆ ನಾನೇ ಹೇಳಿದ್ದು ಕಣ್ರೀ. ಹೆಸರು ಬರೀರಿ ಅಂದ್ರೆ ನೀವು ಬರಿಯಲ್ಲ. ತಪ್ಪು ಕಿವಿಗೆ ಬಿದ್ರೆ ಕೂತಿರಲ್ಲ."

ಅವರು ಕಿಟಕಿಯ ಗಾಜು ಇಳಿಸಿ ಮತ್ತೆ ಏರಿಸಿದರು. ಆಮೇಲೆ ತಡೆಯಲಾಗದೆ ಕೇಳಿದರು: "ಅವನಿಗೆ ಇದನ್ನ ಕಲಿಸೋಕೆ ಎಷ್ಟು ಸಲ ಫೋನ್ ಮಾಡಿದ್ದೆ?"

"ಐದು ಸಲ. ಪಾಪ, ಅವರಿಗೆ ನೆನಪೇ ನಿಲ್ಲಲ್ಲ. ನನ್ನ ಹಾಗೆ ಮೂರು ವರ್ಷ ದಿನಾ ಕೇಳಿದಾರಾ ಅವರು?"