ನೆಲಗಾಳಿನ ಫಕೀರವ್ವನೂ ಊರಿಗೆ ಬರಬೇಕಾದ ಕಾಲೇಜೂ

ನರಗುಂದದ ದವಸದ ಪೇಟೆಯಲ್ಲಿ ತೂಕ ಮುಗಿದು, ಚೀಲಗಳ ಬಾಯಿ ಹೊಲಿದು, ಗಾಡಿಗಳು ಹೊರಟುಹೋದ ಮೇಲೆ ನೆಲದ ಮೇಲೆ ಒಂದಿಷ್ಟು ಕಾಳು ಉಳಿಯುತ್ತಿತ್ತು. ತಕ್ಕಡಿಯಿಂದ ಜಾರಿದ್ದು, ಹಮಾಲರ ಕೊಕ್ಕೆಗೆ ಚೀಲ ಹರಿದು ಸುರಿದದ್ದು, ದಲಾಲರು ಮುಷ್ಟಿಯಲ್ಲಿ ಹಿಡಿದು ಮೂಸಿ, ಕಚ್ಚಿ, ಇದೂ ಒಂದು ಜೋಳವೇ ಎಂಬಂತೆ ಮುಖ ಮಾಡಿ ಬಿಸಾಕಿದ್ದು. ಬಿಳಿಜೋಳ, ಕಡಲೆ, ಗೋಧಿ, ಹೆಸರು, ಎಲ್ಲವೂ ಎರೆಮಣ್ಣು, ಎತ್ತಿನ ಸಗಣಿ, ಬೀಡಿ ತುಂಡುಗಳ ಜೊತೆ ಬೆರೆತು ಬಿದ್ದಿರುತ್ತಿದ್ದವು. ಮಹಾಲಿಂಗಪ್ಪನ ಅಡತಿ ಅಂಗಡಿಯ ಮುಂದೆ ಅದನ್ನು ಬಳಿಯುವವಳು ಫಕೀರವ್ವ.

ಫಕೀರವ್ವ ಅಸೂಟಿಯ ಮಗಳು. ಹಮಾಲ ಮೈಲಾರಪ್ಪನ ಕೈ ಹಿಡಿದು ನರಗುಂದಕ್ಕೆ ಬಂದವಳು. ಒಂದು ಸುಗ್ಗಿಯಲ್ಲಿ ಅದೇ ಅಂಗಡಿಯಲ್ಲಿ ಒಟ್ಟಿದ್ದ ಕಡಲೆ ಚೀಲಗಳ ಥಪ್ಪಿ ಜಾರಿ ಮೈಲಾರಪ್ಪನ ಬೆನ್ನಿನ ಮೇಲೆ ಬಿತ್ತು. ಆತ ಬದುಕಿದ, ಆದರೆ ಮತ್ತೆ ನೆಟ್ಟಗೆ ನಿಲ್ಲಲಿಲ್ಲ. ಎಂಟು ದಿನ ಬಿಟ್ಟು ಅಂಗಡಿಯ ಹಿರಿಯ ಸಾವಕಾರರು ಅವರ ಮನೆಯ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ, ಕೂಡಲಿಲ್ಲ. "ನಮ್ಮ ಅಂಗಡಿ ಮುಂದಿನ ನೆಲದ ಕಾಳು ಇನ್ನ ನಿಂದವ್ವಾ" ಎಂದು ಹೇಳಿ ಹೋದರು. ಪೇಟೆಯ ಹಳೆಯ ಪದ್ಧತಿ ಅದು. ತಾವು ಬಗ್ಗಿ ಎತ್ತಿಕೊಳ್ಳಲಾರದ್ದನ್ನು ಕೊಟ್ಟುಬಿಡುವ ಔದಾರ್ಯ. ಹಾಗಿದ್ದರೂ ಆ ಮುದುಕರು ಸಾಯುವ ತನಕ ಮಾತು ತಪ್ಪಲಿಲ್ಲ. ಅಂದು ಅವರ ತಲೆಯ ಮೇಲೆ ಛತ್ರಿ ಹಿಡಿದು ನಿಂತಿದ್ದವನು ಅವರ ಮಗ ಮಹಾಲಿಂಗಪ್ಪ.

ಹತ್ತೊಂಬತ್ತು ವರ್ಷ ಫಕೀರವ್ವನ ಒಲೆ ಆ ನೆಲದ ಮೇಲೆಯೇ ಉರಿಯಿತು. ಬಳಿದದ್ದನ್ನು ಬುಟ್ಟಿಯಲ್ಲಿ ಮನೆಗೆ ತಂದು, ಮೊರಕ್ಕೆ ಹಾಕಿ ತೂರಿ, ಜರಡಿ ಹಿಡಿದು, ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಒಣಗಿಸಿ, ಕಡೆಗೆ ಹೊಸ್ತಿಲ ಮೇಲೆ ಕುಳಿತು ಒಂದೊಂದೇ ಹರಳು ಆರಿಸಿ ಎಸೆಯುತ್ತಿದ್ದಳು. ಜೋಳದಷ್ಟೇ ದಪ್ಪದ, ಜೋಳದಷ್ಟೇ ಬೆಳ್ಳಗಿನ ಹರಳು ಪೇಟೆಯ ನೆಲದಲ್ಲಿ ಬೇಕಾದಷ್ಟಿತ್ತು. ಕಣ್ಣು ಮೋಸಹೋಗುತ್ತಿತ್ತು, ಬೆರಳು ಮೋಸಹೋಗುತ್ತಿರಲಿಲ್ಲ. ಬೆರಳ ತುದಿಗೆ ಕಾಳು ಬೆಚ್ಚಗೆ, ಹರಳು ತಣ್ಣಗೆ. ಅವಳು ಗಂಡನ ಜೊತೆ ಮಾತಾಡುತ್ತ, ಬಯಲಾಚೆಯ ಗುಡ್ಡದ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತ, ಕೆಳಗೆ ನೋಡದೆಯೇ ಹಸನು ಮಾಡುತ್ತಿದ್ದಳು.

ಹೀಗಿರುವಾಗ ಊರಿಗೆ ಕಾಲೇಜಿನ ಜ್ವರ ಬಂತು.

ಧಾರವಾಡದಲ್ಲಿ ಯುನಿವರ್ಸಿಟಿಯಾಗಿ ಐದಾರು ವರ್ಷವಾಗಿತ್ತು. ಅಲ್ಲಿಗೆ ಹೋಗಿಬಂದ ವ್ಯಾಪಾರಿಗಳ ಬಾಯಲ್ಲಿ ವಿದ್ಯೆಯ ಸುದ್ದಿ ಕಡಿಮೆ, ಖಾನಾವಳಿಯ ಸುದ್ದಿ ಹೆಚ್ಚು. ಹುಡುಗರು ಎಷ್ಟು ರೊಟ್ಟಿ ತಿನ್ನುತ್ತಾರೆ, ಒಂದು ಖೋಲಿಯಲ್ಲಿ ಎಷ್ಟು ಜನರನ್ನು ತುರುಕಬಹುದು, ಕಂದೀಲಿಗೆ ಎಷ್ಟು ಎಣ್ಣೆ ಸುಡುತ್ತಾರೆ, ಇದನ್ನೆಲ್ಲ ಅವರು ಶಾಸ್ತ್ರ ಓದಿದವರಂತೆ ಹೇಳುತ್ತಿದ್ದರು. ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದವರಿಲ್ಲ. ಇನ್ನೊಂದು ಅಡತಿ ಅಂಗಡಿಯ ಅಂದಾನಪ್ಪನಂತೂ ತನ್ನ ಎತ್ತುಗಳನ್ನು ಓಣಿಯಲ್ಲಿ ಕಟ್ಟಿ, ಕೊಟ್ಟಿಗೆಗೆ ಸುಣ್ಣ ಬಳಿಸಿ, ಬರಲಿರುವ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಸಿದ್ಧವಾಗಿಟ್ಟ. ಮೇವು ಹಾಕುವ ಗೋದಲಿಗಳನ್ನು ಮಾತ್ರ ಕೀಳಿಸಲಿಲ್ಲ. "ಪುಸ್ತಕ ಇಡಾಕ ಬೇಕಾಗ್ತಾವ" ಎಂದ. ಎತ್ತುಗಳು ಓಣಿಯಲ್ಲಿ ನಿಂತು ಮಳೆಯಲ್ಲಿ ನೆನೆದವು.

ಊರ ವ್ಯಾಪಾರಸ್ಥರ ಸಭೆ ಮಹಾಲಿಂಗಪ್ಪನ ಅಂಗಡಿಯಲ್ಲೇ ಸೇರಿತು. ಮಹಾಲಿಂಗಪ್ಪ ಗಾದಿಯ ಮೇಲಿಂದ ಎದ್ದು ನಿಂತ. ಅವನು ಎದ್ದು ನಿಲ್ಲುವುದೇ ಅಪರೂಪ.

"ರೋಣದಾವರು ಜಾಗಾ ನೋಡ್ಯಾರಂತ. ಗಜೇಂದ್ರಗಡದಾವರು ಆಗಲೇ ಕಲ್ಲು ಇಳಿಸ್ಯಾರಂತ. ನಾವು ಕೈಕಟ್ಟಿ ಕುಂತ್ರ ಹ್ಯಾಂಗ್ರಿ? ಮುನ್ನೂರು ಹುಡುಗ್ರು ಬಂದ್ರ ಮುನ್ನೂರು ಹೊಟ್ಟಿ ಬಂದಂಗ. ಊರಿಗೆ ಊರ ಉದ್ಧಾರ ಆಕ್ಕೈತಿ."

"ಖರೇರಿ, ಖರೇರಿ" ಎಂದರು ಎಲ್ಲರೂ.

"ಮತ್ತ ಯಾರ್‍ಯಾರು ಏನೇನು ಕೊಡ್ತೀರಿ?"

ಒಬ್ಬರು ಕಾಲ್ಬೆರಳು ನೋಡಿಕೊಂಡರು, ಒಬ್ಬರಿಗೆ ಕೆಮ್ಮು ಬಂತು. ಚೀಲಕ್ಕೊಂದು ಬೊಗಸೆ ಕಾಳು ತೆಗೆಯೋಣವೇ ಎಂದು ಯಾರೋ ಮೆಲ್ಲಗೆ ಹೇಳಿದಾಗ ಅಂದಾನಪ್ಪ ಸುಟ್ಟುಕೊಂಡವನಂತೆ ತಿರುಗಿ ನೋಡಿದ. ಆಗ ಮಹಾಲಿಂಗಪ್ಪನಿಗೆ ಹೊಳೆಯಿತು.

"ಚೀಲದಾಗಿಂದು ಯಾಕ? ನೆಲಕ್ಕ ಬಿದ್ದ ಕಾಳು ಐತೆಲ್ಲ. ಅದು ಯಾರದೂ ಅಲ್ಲ. ದಿನಾ ಸುಮ್ಮನ ಹಾಳಾಗಿ ಹೊಕ್ಕೈತಿ. ಅದನ್ನ ಕಾಲೇಜಿಗೆ ಬಿಡೂನು."

ಚಪ್ಪಾಳೆ ಬಿತ್ತು. ನರಗುಂದದ ಪೇಟೆಯಲ್ಲಿ ಯಾವ ದಾನಕ್ಕೂ ಅಷ್ಟು ಬೇಗ ಒಮ್ಮತ ಬಂದದ್ದಿಲ್ಲ. ಹೊರಗೆ ಕಟ್ಟೆಯ ಕೆಳಗೆ, ಫಕೀರವ್ವನೂ ಸೇರಿ, ಪೇಟೆಯ ನೆಲ ಬಳಿಯುವ ಆರು ಜನ ಹೆಂಗಸರು ಕಸಬರಿಗೆ ಹಿಡಿದು, ದೊಡ್ಡವರ ಸಭೆ ಮುಗಿಯಲಿ ಎಂದು ಕಾಯುತ್ತ ಕುಳಿತಿದ್ದರು.

ಮರುದಿನ ಮಹಾಲಿಂಗಪ್ಪ ಗಾದಿಯ ಮೇಲಿಂದಲೇ ಕರೆದ.

"ಏ ಫಕೀರಿ, ಇವತ್ತಿನಿಂದ ನೆಲದ ಕಾಳು ಕಾಲೇಜಿಗೆ. ನಮ್ಮ ವಖಾರ್‍ಯಾಗ ಪೀಪಾಯಿ ಇಟ್ಟೇವಿ. ಬಳಿದು ಅದರಾಗ ಹಾಕು. ಒಂದ ಕಾಳೂ ಮನಿಗೆ ಒಯ್ಯೂಹಂಗಿಲ್ಲ."

"ಯಪ್ಪಾ, ಅದು ನಮ್ಮ ಯಜಮಾನ್ನ ಬೆನ್ನಿಗೆ ಬಂದದ್ದರಿ. ನಿಮ್ಮ ಅಪ್ಪಾರ ಬಂದು ಹೇಳಿದ್ರು. ನೀವೂ ಛತ್ರಿ ಹಿಡಕೊಂಡು ಅಲ್ಲೇ ನಿಂತಿದ್ರಿ."

"ನೆಪ್ಪಿಲ್ಲ ನನಗ. ಈಗ ಸ್ವರಾಜ್ಯ ಬಂದೈತಿ, ಊರು ಮುಂದ ಬರಬೇಕು."

"ನಾವೇನ ತಿನ್ನೂನ್ರಿ?"

"ಕಾಲೇಜ್ ಬರ್‍ಲಿ ತಡಿ. ನಿನಗ ಕಸಾ ಹೊಡಿಯಾಕ ಇದಕ್ಕಿಂತ ದೊಡ್ಡ ಅಂಗಳಾ ಸಿಗತೈತಿ."

ಗುಮಾಸ್ತ ಗೋಣೆಪ್ಪ ನಕ್ಕ. ಸಾವಕಾರ ನಗುವ ಮೊದಲೇ ನಗುವುದು ಅವನ ಕೆಲಸದ ಒಂದು ಭಾಗವಾಗಿತ್ತು. ಫಕೀರವ್ವ ನಗಲಿಲ್ಲ, ಅಳಲೂ ಇಲ್ಲ. ಒಂದು ಮಾತು ಮಾತ್ರ ಮತ್ತೊಮ್ಮೆ ಕೇಳಿ ಗಟ್ಟಿ ಮಾಡಿಕೊಂಡಳು.

"ಮನಿಗೆ ಒಯ್ಯಬಾರದು. ಹೌದಿಲ್ರಿ?"

"ಹೌದು. ಇಲ್ಲೇ ಬಳಿ, ಇಲ್ಲೇ ಹಾಕು."

"ಆತ್ರಿ."

ಅಂದಾನಪ್ಪನ ಅಂಗಡಿಯ ಮುಂದೆ ಬಳಿಯುವ ರಮಜಾನಬಿ ಇದನ್ನೆಲ್ಲ ಕೇಳಿಸಿಕೊಂಡು ಉರಿದುಬಿದ್ದಳು. "ನಾಕ ಮಾತರ ಬೈದು ಬರಬಾರದೇನ? 'ಆತ್ರಿ' ಅಂದು ಬಂದೆಲ್ಲ, ಮಹಾತಾಯಿ! ಹೋಗು, ಪಾದಾ ಮುಟ್ಟಿ ಬಾ."

"ಮನಿಗೆ ಒಯ್ಯಬ್ಯಾಡ ಅಂದ್ರು."

"ಅದಕ್ಕ?"

"ನಾವು ಹಸನ ಮಾಡೂದು ಎಲ್ಲೆವ್ವಾ? ಮನ್ಯಾಗಲ್ಲೇನ?"

ರಮಜಾನಬಿಗೆ ನಗು ಉಕ್ಕಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ಆರೂ ಜನ ಹಗಲು ಹೊಲಗಳಿಗೆ ಹತ್ತಿ ಬಿಡಿಸಲು ಹೋದರು. ಸಂಜೆ ಬಂದು ನೆಲ ಬಳಿದರು, ಬಳಿದದ್ದನ್ನು ಬಳಿದ ಹಾಗೆಯೇ ಪೀಪಾಯಿಗೆ ಸುರಿದರು. ಫಕೀರವ್ವ ಮೊದಲಿಗಿಂತ ಅಚ್ಚುಕಟ್ಟಾಗಿ ಬಳಿಯುತ್ತಿದ್ದಳು. ಒಂದು ಚಿಟಿಕೆ ಮಣ್ಣನ್ನೂ ಬಿಡುತ್ತಿರಲಿಲ್ಲ. ಮನೆಯಲ್ಲಿ ಮೊರ ಗೂಟಕ್ಕೆ ಸುಮ್ಮನೆ ತೂಗುತ್ತಿತ್ತು. ಹತ್ತಿಕಾಯಿಯ ಒಣ ಸಿಪ್ಪೆಗೆ ಬೆರಳ ತುದಿ ಒಡೆದು, ರೊಟ್ಟಿ ಬಡಿಯುವಾಗ ಉರಿಯುತ್ತಿತ್ತು. ಎರಡು ಹೊತ್ತಿನ ರೊಟ್ಟಿ ಒಂದು ಹೊತ್ತಿಗೆ ಇಳಿಯಿತು. ಮೈಲಾರಪ್ಪ ತನ್ನ ಪಾಲಿನ ಅರ್ಧವನ್ನು ಹಸಿವಿಲ್ಲವೆಂದು ಪಕ್ಕಕ್ಕಿಡುತ್ತಿದ್ದ. ಅವಳು ಅದನ್ನು ಮತ್ತೆ ಅವನ ಕಡೆಗೆ ಸರಿಸುತ್ತಿದ್ದಳು. ಆ ರೊಟ್ಟಿ ಹೀಗೆ ಇಬ್ಬರ ನಡುವೆ ತಿರುಗಾಡಿ ತಣ್ಣಗಾಗುತ್ತಿತ್ತು.

ಪೀಪಾಯಿಗಳು ತುಂಬಿದವು. ತುಂಬಿದ ಒಂದೊಂದಕ್ಕೂ ಗೋಣೆಪ್ಪ ಕುಂಕುಮ ಹಚ್ಚಿ, ಬಿಳಿ ಬಟ್ಟೆ ಕಟ್ಟಿ, 'ಕಾಲೇಜು ನಿಧಿ' ಎಂದು ಬರೆದ. ಹದಿನಾಲ್ಕು ಪೀಪಾಯಿಗಳು ಕಾಳು ಕೂಡಿಡುವ ವಖಾರಿಯಲ್ಲಿ ಸಾಲಾಗಿ ನಿಂತವು. ಯಾರೂ ಬಟ್ಟೆ ಬಿಚ್ಚಿ ನೋಡಲಿಲ್ಲ. ಇಡೀ ಆಯುಷ್ಯ ಕಂಡವರ ಚೀಲಕ್ಕೆ ಕೈ ಹಾಕಿ, ಇದರಲ್ಲಿ ಹರಳಿದೆ, ಇದರಲ್ಲಿ ಹಸಿಯಿದೆ ಎಂದು ರೈತರ ಬಾಯಿ ಮುಚ್ಚಿಸಿದವರು ತಮ್ಮ ದಾನವನ್ನು ಮಾತ್ರ ಪರೀಕ್ಷಿಸಲಿಲ್ಲ.

ಮೂರು ತಿಂಗಳ ಮೇಲೆ ಯುನಿವರ್ಸಿಟಿಯಿಂದ ಮೂವರು ಮೋಟಾರಿನಲ್ಲಿ ಬಂದರು, ಊರು ಕಾಲೇಜಿಗೆ ತಕ್ಕದ್ದೇ ಎಂದು ನೋಡಲು. ಮದುವೆಯ ಕೋಟುಗಳು ಪೆಟ್ಟಿಗೆಯಿಂದ ಹೊರಬಿದ್ದವು. ಪೇಟೆಯೆಲ್ಲ ನುಸಿಗುಳಿಗೆಯ ವಾಸನೆ ಹೊಡೆಯಿತು. ಕಾಲೇಜು ಸದ್ಯಕ್ಕೆ ಇಲ್ಲಿಯೇ ನಡೆಯುತ್ತದೆ ಎಂದು ತೋರಿಸಲು ಆ ಮೂವರನ್ನು ನೇರ ಮಹಾಲಿಂಗಪ್ಪನ ವಖಾರಿಗೆ ಕರೆದೊಯ್ದರು.

"ಇದು ನಮ್ಮ ಪ್ಯಾಟಿ ತ್ಯಾಗರಿ" ಎಂದ ಮಹಾಲಿಂಗಪ್ಪ. ಬಿಳಿ ಕೋಟಿನ ತೋಳು ಸರಿಸಿದ. ಮೊದಲ ಪೀಪಾಯಿಯ ಬಟ್ಟೆ ಬಿಚ್ಚಿ, ಮೊಳಕೈತನಕ ಕೈ ಇಳಿಸಿ, ಬೊಗಸೆಯೆತ್ತಿ ಅತಿಥಿಗಳ ಮುಂದೆ ಹಿಡಿದ.

ಬೊಗಸೆಯಲ್ಲಿ ಮಣ್ಣಿತ್ತು. ಒಣಗಿದ ಸಗಣಿ, ಮೂರು ಬೀಡಿ ತುಂಡು, ಬೂಸು ಹಿಡಿದು ಗಂಟುಗಟ್ಟಿದ ಕಾಳು. ಆ ಗಂಟಿನೊಳಗಿಂದ ನುಸಿಗಳು ಎಚ್ಚರವಾಗಿ, ಬಂದವರನ್ನು ನೋಡುವಂತೆ ಒಂದೊಂದಾಗಿ ಅವನ ತೋಳು ಹತ್ತತೊಡಗಿದವು. ಅತಿಥಿಗಳಲ್ಲಿ ಹಿರಿಯರು ಸೀನಿದರು.

"ಏನ್ರಿ ಇದು?" ಎಂದರು ಇನ್ನೊಬ್ಬರು. ಅವರು ಅರ್ಥಶಾಸ್ತ್ರ ಹೇಳುವವರು.

"ಕಾಲೇಜಿನ... ನಿಧಿರಿ" ಎಂದ ಗೋಣೆಪ್ಪ. ಈ ಸಲ ನಗಲಿಲ್ಲ.

ಫಕೀರವ್ವನನ್ನು ಹೊರಗಿನಿಂದ ಎಳೆದುಕೊಂಡು ಬಂದಂತೆ ಕರೆತಂದರು. ಮಹಾಲಿಂಗಪ್ಪ ತೋಳು ಝಾಡಿಸುತ್ತ ಕೂಗಿದ. "ಹಸನ ಮಾಡದ ಹಾಕ್ತಾರೇನ, ಮೂಳಿ?"

"ಕಾಳು ಕಾಲೇಜಿಗೆ ಬಿಟ್ಟೇವಿ ಅಂದ್ರಿ ಸಾವಕಾರ್‍ರ. ಹಸನ ಮಾಡೂ ನನ್ನ ಕೈನೂ ಕಾಲೇಜಿಗೆ ಬಿಟ್ಟಿದ್ದು ನನಗ ಗೊತ್ತಿರಲಿಲ್ಲ" ಎಂದಳು ಫಕೀರವ್ವ.

ಅವಳ ದನಿ ಏರಿರಲಿಲ್ಲ. ಅದಕ್ಕೇ ಎಲ್ಲರಿಗೂ ಕೇಳಿಸಿತು. ಅರ್ಥಶಾಸ್ತ್ರದವರು ಕುತೂಹಲದಿಂದ ವಿಚಾರಿಸಿ ಸಂಗತಿ ತಿಳಿದುಕೊಂಡರು. ಒಳ್ಳೆಯ ಮನುಷ್ಯ, ತಿಳಿಹೇಳುವ ಆಸೆಯವರು.

"ನೋಡವ್ವಾ, ಕಾಲೇಜ್ ಬಂದ್ರ ಎಲ್ಲಾರಿಗೂ ಲಾಭ ಐತಿ. ಹುಡುಗ್ರು ಬರ್ತಾರ, ಉಣ್ತಾರ, ಅರಿವಿ ಹೊಲಿಸ್ತಾರ. ಮ್ಯಾಲಿನವರ ಕೈಯಾಗ ರೊಕ್ಕ ಆಡಿದ್ರ ಅದು ಕೆಳಗ ಉದರಿ ಉದರಿ ನಿಮ್ಮಂಥವರಿಗೂ ಮುಟ್ಟತೈತಿ."

ಫಕೀರವ್ವ ತಲೆಯಲ್ಲಾಡಿಸುತ್ತ ಪೂರ್ತಿ ಕೇಳಿದಳು.

"ಉದರಿದ್ದನ್ನ ಆಮ್ಯಾಲೆ ಯಾರಿಗೆ ಬಿಡ್ತಾರ್‍ರಿ?"

ಅವರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಏನನ್ನೋ ಬರೆದುಕೊಂಡರು. ಮೋಟಾರು ಹೊರಟಿತು. ಆ ವರ್ಷ ನರಗುಂದಕ್ಕೆ ಕಾಲೇಜು ಬರಲಿಲ್ಲ.

ಒಬ್ಬ ಹೆಂಗಸಿನ ಕಸಬರಿಗೆ ಊರಿನ ವಿದ್ಯೆಯನ್ನೇ ಗುಡಿಸಿಹಾಕಿತು ಎಂದು ಪೇಟೆಯವರು ಆಡಿಕೊಂಡರು. ಮುನ್ನೂರು ಹುಡುಗರ ಬಾಡಿಗೆ ಹೋದದ್ದಕ್ಕೆ ಅಂದಾನಪ್ಪ ವಿದ್ಯೆಯ ಹೆಸರಿನಲ್ಲಿ ಕಣ್ಣೀರು ಹಾಕಿದ. ಮಹಾಲಿಂಗಪ್ಪ ಫಕೀರವ್ವನನ್ನು ಅಂಗಡಿಯ ಹತ್ತಿರ ಸುಳಿಯಬೇಡ ಎಂದ. ಎರಡು ವಾರ ಯಾರೂ ಬಳಿಯದ ನೆಲದ ಮೇಲೆ ಗುಬ್ಬಿಗಳು ಉಂಡವು.

ಆದರೆ ನುಸಿಗಳಿಗೆ ಸಾವಕಾರನ ಅಪ್ಪಣೆ ಬೇಕಿರಲಿಲ್ಲ. ಪೀಪಾಯಿಗಳಿಂದ ಇಳಿದು, ಗೋಡೆ ಹಿಡಿದು, ಅದೇ ವಖಾರಿಯ ಆ ಬದಿಗಿದ್ದ ಮಹಾಲಿಂಗಪ್ಪನ ಸ್ವಂತ ಗೋಧಿಯ ಥಪ್ಪಿಯ ಕಡೆಗೆ ನಡೆದವು. ಆ ಪೀಪಾಯಿಗಳನ್ನು ಹೊರಗೆ ಸಾಗಿಸಿರೆಂದರೆ ಹಮಾಲರು ಬೆನ್ನುನೋವೆಂದರು. ಅವರೆಲ್ಲ ಮೈಲಾರಪ್ಪನ ಜೊತೆ ಚೀಲ ಹೊತ್ತವರು. ಕಡೆಗೆ ಗೋಣೆಪ್ಪ ಫಕೀರವ್ವನ ಬಾಗಿಲಿಗೆ ಬಂದ.

"ಸಾವಕಾರ್‍ರು ದೊಡ್ಡ ಮನಸ್ಸು ಮಾಡ್ಯಾರ, ನೋಡವ್ವಾ. ಕಾಲೇಜಿನ ಕಾಳು ಬಡವರಿಗೆ ದಾನಾ ಮಾಡ್ತಾರಂತ. ಸಣ್ಣ ಸಭಾ ಇಟ್ಟಾರ. ನೀ ಬಂದು ನಾಕ ಮಂದಿ ಮುಂದ ಸೆರಗು ಒಡ್ಡಿ ಇಸಗೊಂಡ್ರ ಸಾಕು. ನೆಲಾನೂ ಮೊದಲಿನಂಗ ನಿಂದ."

ಮೈಲಾರಪ್ಪ ಕೌದಿಯ ಮೇಲಿಂದ ಹೆಂಡತಿಯ ಮುಖ ನೋಡಿದ. ಮನೆಯಲ್ಲಿ ಅಂದು ಹಿಟ್ಟಿರಲಿಲ್ಲ. ಫಕೀರವ್ವ ತನ್ನ ಒಡೆದ ಬೆರಳುಗಳನ್ನು ನೋಡಿಕೊಂಡಳು.

"ನನ್ನ ಕಾಳು ನನಗ ದಾನಾ ಇಸಗೊಳ್ಳಾಕ ಬರೂದಿಲ್ಲೋ ಯಪ್ಪಾ. ಸಭಾ ಬ್ಯಾಡ. ಗಾಡಿ ಕಳಸಂತ ಹೇಳು."

"ಸೊಕ್ಕ ನೋಡು! ಹಸದು ಸಾಯ್ತಿ."

"ಸಾವಕಾರ್‍ರ ಗೋಧಿ ಹ್ಯಾಂಗೈತಿ?" ಎಂದಳು ಅವಳು, ಬೀಗರ ಮನೆಯ ಕ್ಷೇಮ ಕೇಳುವ ದನಿಯಲ್ಲಿ.

ಮೂರನೆಯ ದಿನ ಗಾಡಿ ಬಂತು. ಹದಿನಾಲ್ಕು ಪೀಪಾಯಿಗಳನ್ನು ಗೋಣೆಪ್ಪನೇ ನಿಂತು ಇಳಿಸಿದ, ಮೂಗಿಗೆ ವಸ್ತ್ರ ಕಟ್ಟಿಕೊಂಡು. ಆರೂ ಜನ ಹೆಂಗಸರು ಅಂಗಳದಲ್ಲಿ ಅದನ್ನು ಹರವಿ, ಬಿಸಿಲಿಗೆ ಹಾಕಿ, ತಮ್ಮ ತಮ್ಮ ಪಾಲು ಹಂಚಿಕೊಂಡರು. ಅರ್ಧಕ್ಕರ್ಧ ಕೆಟ್ಟುಹೋಗಿತ್ತು. ಉಳಿದದ್ದನ್ನು ತೂರಿ ಜಾಲಿಸುವಾಗ ಮೈಲಾರಪ್ಪ ಮಲಗಿದಲ್ಲೇ ಮೊರ ಎದೆಯ ಮೇಲಿಟ್ಟುಕೊಂಡು ಹರಳು ಆರಿಸಿದ.

"ಎಷ್ಟ ದಿನಾ ಬೇಕಲೇ ಇದಕ್ಕ?" ಎಂದು ಕೇಳಿದ.

"ಕಾಲೇಜ್ ಬರೂದರೊಳಗ ಮುಗಿತೈತಿ ಬಿಡು, ಅವಸರಿಲ್ಲ" ಎಂದಳು ರಮಜಾನಬಿ. ಓಣಿಯೆಲ್ಲ ನಕ್ಕಿತು.

ನೆಲದ ಮಾತು ಮಾತ್ರ ಗೋಣೆಪ್ಪ ಹೇಳಿದ್ದಷ್ಟೇ ಆಗಿತ್ತು. ಮಹಾಲಿಂಗಪ್ಪ ಬಾಯಿ ಬಿಟ್ಟಿರಲಿಲ್ಲ. ಸಂತೆಯ ದಿನ ತೂಕ ಮುಗಿದ ಮೇಲೆ ಫಕೀರವ್ವ ಕಸಬರಿಗೆ ಹಿಡಿದು ಅಂಗಡಿಯ ಮುಂದೆ ಬಂದು ನಿಂತಳು. ಮಹಾಲಿಂಗಪ್ಪ ಕಟ್ಟೆಯ ಅಂಚಿಗೆ ಕುಳಿತು, ಎರಡೂ ಪಾದಗಳನ್ನು ನೆಲಕ್ಕೆ ಊರಿ, ಎತ್ತಲೋ ನೋಡುತ್ತಿದ್ದ. ಅವನ ಪಾದಗಳ ಸುತ್ತ ಬಿಳಿಜೋಳ ಚೆಲ್ಲಿ, ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಹಮಾಲರು ಕೊಕ್ಕೆ ಹೆಗಲಿಗಿಟ್ಟು ನೋಡುತ್ತ ನಿಂತರು.

ಅವಳು ಅತ್ತ ತುದಿಯಿಂದ ಬಳಿಯುತ್ತ, ಬಳಿಯುತ್ತ, ಅವನ ತನಕ ಬಂದಳು.

"ಕಾಲ್ ಎತ್ರಿ, ಸಾವಕಾರ್‍ರ."

ಮಹಾಲಿಂಗಪ್ಪ ಹಮಾಲರ ಕಡೆ ನೋಡಿದ. ಗೋಣೆಪ್ಪನ ಕಡೆ ನೋಡಿದ. ಆಮೇಲೆ ಒಂದೊಂದಾಗಿ ಎರಡೂ ಕಾಲು ಎತ್ತಿ ಕಟ್ಟೆಯ ಮೇಲಿಟ್ಟುಕೊಂಡ. ಫಕೀರವ್ವ ಅವನ ಕೆಳಗಿನ ಕಾಳು ಬಳಿದು ಬುಟ್ಟಿಗೆ ಹಾಕಿಕೊಂಡು ಮನೆಗೆ ನಡೆದಳು.