ಸಮೇತನಹಳ್ಳಿಯಲ್ಲಿ ಅರ್ಧಕ್ಕೆ ನಿಂತಿದ್ದ ಕಥೆ

ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ, ಮೊದಲು ಪಂಚರ್ ಅಂಗಡಿಯಾಗಿದ್ದ ಮಳಿಗೆಯೊಂದರಲ್ಲಿ ನಾನೂ ನನ್ನ ಗಂಡನೂ ಸಭೆ ನಡೆಸುತ್ತಿದ್ದೆವು. ಅವರು ಪಾಸ್ಟರ್. ಚಾಪೆ ಹಾಸುವುದು, ಹಾಡು ಎತ್ತಿಕೊಡುವುದು, ಆರಾಧನೆ ಮುಗಿದ ಮೇಲೆ ಟೀ ಕೊಡುವುದು ನನ್ನ ಪಾಲು. ಬರುತ್ತಿದ್ದವರೆಲ್ಲ ಶಿಫ್ಟಿನಲ್ಲಿ ದುಡಿಯುವವರು. ಒಬ್ಬರ ಪರಿಚಯವಾಗಿ, ಸಂಕೋಚ ಬಿಟ್ಟು ಅವರು ಪ್ರಾರ್ಥನೆಯಲ್ಲಿ ದನಿಗೂಡಿಸುವ ಹೊತ್ತಿಗೆ ಕಂಟ್ರಾಕ್ಟ್ ಮುಗಿದು ಊರು ಬಿಟ್ಟಿರುತ್ತಿದ್ದರು. ಹೀಗೇ ವರ್ಷಗಳು ಕಳೆದವು. ಸಭೆ ಬೆಳೆಯಲಿಲ್ಲ, ನಾವು ದಣಿದೆವು.

ಹೋದ ವರ್ಷ ಮಳಿಗೆಯ ಯಜಮಾನರು ಬಂದು ಬಾಗಿಲಲ್ಲೇ ನಿಂತರು. ಆ ಊರಿನ ಹಳೆಯ ಒಕ್ಕಲು ಮನೆತನದವರು, ಕೆಟ್ಟ ಮನುಷ್ಯರಲ್ಲ.

"ನಂದೇನೂ ಇಲ್ಲಪ್ಪಾ. ಬೀದಿಯೋರು ದಿನಾ ಕೇಳ್ತಾವ್ರೆ, ಯಾಕೆ ಕೊಟ್ಟೆ ಅಂತ. ಬೇರೆ ಕಡೆ ನೋಡ್ಕೊಂಬಿಡಿ," ಎಂದರು. ನಮ್ಮ ಮುಖ ನೋಡಲಿಲ್ಲ.

ನನ್ನ ಗಂಡ ಆಯ್ತು ಎಂದರು, ಅಷ್ಟೇ. ಯಜಮಾನರು ಹೋದ ಮೇಲೆ ಗೋಡೆಗೊರಗಿ ಕೂತು, "ಸಾಕು ಕಣೇ. ದೇವರು ಕರೆದ ಅನ್ಕೊಂಡು ಬಂದೆ. ಕರೆದಿದ್ದು ನನ್ನನ್ನಲ್ವೇನೋ," ಎಂದರು. ನೆಲಮಂಗಲದ ಗೋದಾಮೊಂದರಲ್ಲಿ ಅವರ ಅಣ್ಣ ಸೂಪರ್‌ವೈಸರ್. ಕೆಲಸ ಕೊಡಿಸುತ್ತೇನೆಂದು ಬಹಳ ದಿನದಿಂದ ಹೇಳುತ್ತಿದ್ದರು. ಅಲ್ಲಿಗೆ ಹೋಗುವುದೆಂದಾಯಿತು. ನನ್ನ ಪ್ರಾರ್ಥನೆಯೂ ಆಗಲೇ ಬರೀ ರೂಢಿಯಾಗಿತ್ತು.

ಹೊರಡುವ ಮುಂಚೆ ಒಬ್ಬಳಿಗಾದರೂ ಹೇಳಿ ಹೋಗಬೇಕೆನಿಸಿತು. ನಮ್ಮ ಸಭೆಯಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡ ಹುಡುಗಿ ಅವಳು. ಬಟ್ಟೆ ಕಾರ್ಖಾನೆಯಲ್ಲಿದ್ದಳು. ಆಮೇಲೆ ಮನೆಯವರು ಹೊಸಕೋಟೆ ಕಡೆಯ ಸಮೇತನಹಳ್ಳಿಗೆ, ಬೇಸಾಯದ ಮನೆಗೆ ಮದುವೆ ಮಾಡಿಕೊಟ್ಟಿದ್ದರು. ಅಲ್ಲಿ ಬೇರೆಯೇ ದೇವರು, ಬೇರೆಯೇ ಪದ್ಧತಿ. ಅವಳೂ ಎಲ್ಲ ಬಿಟ್ಟಿರುತ್ತಾಳೆ ಎಂದೇ ಎಣಿಸಿದ್ದೆ. ಬಸ್ಸು ಬದಲಾಯಿಸುತ್ತಾ ಒಬ್ಬಳೇ ಹೋದೆ.

ಅವಳು ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದಳು. "ಪಾಸ್ಟರಮ್ಮ! ನೀವಾ?"

ಅವಳ ಅತ್ತೆ ಜಗಲಿಯಿಂದಲೇ ಹೇಳಿದರು: "ಬಂದೋರು ಊಟ ಮಾಡ್ಕೊಂಡು ಹೋಗ್ಲಿ. ಹಾಡು ಗೀಡು ಬೀದಿಗೆ ಕೇಳಂಗಿಲ್ಲ, ಅಷ್ಟೇ."

ಕೈ ತೊಳೆದು ಬಂದವಳು ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಕರೆದು ತಂದಳು. ಮೂವರೂ ಮೇವಿನ ಕೋಣೆಯಲ್ಲಿ ನನ್ನೆದುರು ಕೂತರು. ನಾನು ಹೊರಟುಹೋಗುವ ಸುದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು:

"ಆ ಮೀನು ಹಿಡಿಯೋನು ಆಮೇಲೆ ಏನಾದ ಪಾಸ್ಟರಮ್ಮ?"

ಯಾರ ವಿಷಯವೆಂದು ನನಗೆ ತಿಳಿಯಲಿಲ್ಲ. ಅವಳು ವಿವರಿಸಿದಳು. ಯೇಸುವನ್ನು ಹಿಡಿದುಕೊಂಡು ಹೋದಾಗ, ಅವನು ಯಾರೋ ಗೊತ್ತೇ ಇಲ್ಲ ಎಂದು ಹೇಳಿದ ಶಿಷ್ಯನ ಕಥೆ. ಕೋಳಿ ಕೂಗಿದ್ದು, ಅವನು ಹೊರಗೆ ಹೋಗಿ ಅತ್ತಿದ್ದು, ಅಲ್ಲಿಯವರೆಗೆ ಅವಳು ಕೇಳಿದ್ದಳು. ಮುಂದಿನ ಭಾನುವಾರ ಅವಳಿಗೆ ಶಿಫ್ಟು. ಅದಾದ ಮೇಲೆ ಮದುವೆ. ಓದಲು ಸರಿಯಾಗಿ ಬಾರದು. ಕೇಳಿದ್ದಷ್ಟನ್ನೇ ಈ ಇಬ್ಬರಿಗೆ ಹೇಳಿದ್ದಳು.

"ಅತ್ಕೊಂಡೇ ಇದ್ಬಿಟ್ನಾ?" ಎಂದಳು ಆ ಇಬ್ಬರಲ್ಲಿ ಒಬ್ಬಳು. "ಇವಳ್ನ ಕೇಳಿದ್ರೆ ಗೊತ್ತಿಲ್ಲ ಅಂತಾಳೆ."

ನಾನು ಹೇಳತೊಡಗಿದೆ. ಅವನು ಮತ್ತೆ ತನ್ನ ಹಳೆಯ ಬಲೆಗೇ ಹಿಂತಿರುಗಿದ. ಇಡೀ ರಾತ್ರಿ ಏನೂ ಸಿಗಲಿಲ್ಲ. ಬೆಳಗಾದಾಗ ದಡದಲ್ಲಿ, ಸತ್ತು ಮತ್ತೆ ಎದ್ದು ಬಂದಿದ್ದ ಯೇಸು ಕೆಂಡ ಮಾಡಿ, ಮೀನು ಸುಟ್ಟು, ಬನ್ನಿ ತಿನ್ನಿ ಎಂದು ಕರೆದ. ಯಾಕೆ ಹಾಗಂದೆ ಎಂದು ಕೇಳಲಿಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಎಂದು ಮಾತ್ರ ಕೇಳಿ, ಹಾಗಾದರೆ ನನ್ನ ಕುರಿಗಳನ್ನು, ಅಂದರೆ ನನ್ನ ಜನರನ್ನು, ನೋಡಿಕೋ ಎಂದ.

ಅಲ್ಲಿಗೆ ಬಂದಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಎಷ್ಟು ಸಲ ಹೇಳಿದ್ದ ಕಥೆ! ಬಲೆಗೆ ಹಿಂತಿರುಗುತ್ತಿದ್ದವರು ಈಗ ನಾವೇ. ಅತ್ಕೊಂಡೇ ಇದ್ಬಿಟ್ನಾ ಎಂದಿದ್ದವಳು ಮೆಲ್ಲಗೆ, "ಸದ್ಯ, ಊಟಕ್ಕೆ ಕರೆದ್ನಲ್ಲ," ಎಂದಳು. ಹೊರಟುಹೋಗುವ ಸುದ್ದಿ ನಾನು ಹೇಳಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಮೂರು ಜನ," ಎಂದರು. ಮಳಿಗೆ ಖಾಲಿ ಮಾಡಿದೆವು. ನೆಲಮಂಗಲಕ್ಕೆ ಬಂದೆವು. ಅವರು ಗೋದಾಮಿನ ಕೆಲಸಕ್ಕೆ ಸೇರಿದರು.

ವಾರದಲ್ಲೊಂದು ದಿನ ನಾನು ಸಮೇತನಹಳ್ಳಿಗೆ ಹೋಗುತ್ತೇನೆ. ಆ ಹುಡುಗಿಯ ಅತ್ತೆಗೆ ಮನಸ್ಸಿಲ್ಲದ ದಿನ ಬಾಗಿಲಿಂದಲೇ ಹಿಂತಿರುಗುತ್ತೇನೆ. ಪಕ್ಕದ ಮನೆಯ ಆ ಇಬ್ಬರಲ್ಲಿ ಒಬ್ಬಳನ್ನು ಅವಳ ಗಂಡ ಬರಬೇಡ ಎಂದು ನಿಲ್ಲಿಸಿದ್ದಾನೆ. ಅದನ್ನು ಸಭೆ ಎನ್ನಲು ನನಗೆ ಧೈರ್ಯವಿಲ್ಲ. ದೊಡ್ಡದಾಗುತ್ತದೆ ಎಂಬ ಆಸೆಯೂ ಉಳಿದಿಲ್ಲ. ಹೋಗಬೇಕು ಎಂಬುದೊಂದು ಮಾತ್ರ ಈಗ ನಿಚ್ಚಳವಾಗಿದೆ.

ಮೊನ್ನೆ ನನ್ನ ಗಂಡ ರಜೆ ಹಾಕಿ, ನನ್ನ ಜೊತೆ ಬಸ್ಸು ಹತ್ತಿದರು. ಮೇವಿನ ಕೋಣೆಯಲ್ಲಿ ಬೂಸಾ ಚೀಲದ ಮೇಲೆ ಕೂತರು. ಆಮೇಲೆ ಆ ಹುಡುಗಿಯ ಕಡೆ ತಿರುಗಿ, "ಏನಮ್ಮಾ, ಇವತ್ತು ಯಾವ ಕಥೆ ಹೇಳ್ಲಿ?" ಎಂದು ಕೇಳಿದರು.