ನಾದಿನಿ ಮೇಣ ಹಚ್ಚಿದ ಕೆಂಪು ಕಾರು

ಕ್ವಾವ್ತೆಪೆಕ್ ಗುಡ್ಡದ ಕಡಿದಾದ ಬೀದಿಗಳಿಗೆ ಬೆನ್ನುಬ್ಬಿದ ಪುಟ್ಟ ವೋಚೊ ಕಾರುಗಳೇ ಟ್ಯಾಕ್ಸಿ. ಅವುಗಳ ಮೈಗೆ ಹೊಳಪು ಕೊಡಬೇಕಾದರೆ ಎಲಾದಿಯೊನೇ ಆಗಬೇಕು ಎಂದು ಡ್ರೈವರುಗಳೆಲ್ಲ ಒಪ್ಪಿಕೊಂಡು ಬಹಳ ಕಾಲವಾಗಿತ್ತು. ಅವನು ಯಂತ್ರ ಮುಟ್ಟಿದವನಲ್ಲ. ಹಳೇ ಬನಿಯನ್ ಬಟ್ಟೆಯನ್ನು ಎರಡು ಬೆರಳಿಗೆ ಬಿಗಿದು, ಪಾಲಿಶ್‌ನಲ್ಲಿ ಅದ್ದಿ, ಅಂಗೈಯಗಲ ಜಾಗದಲ್ಲೇ ಸಣ್ಣ ಸಣ್ಣ ಸುತ್ತು ತಿರುಗಿಸುತ್ತಿದ್ದ. ಮಂಕೆಲ್ಲ ಬಟ್ಟೆಗೆ ಇಳಿದು ಅಡಿಯಿಂದ ಬಣ್ಣ ಎದ್ದುಬರುತ್ತಿತ್ತು. ಆಮೇಲೆ ಮೇಣ, ಹಚ್ಚಿದ್ದೂ ಗೊತ್ತಾಗದಷ್ಟು ತೆಳ್ಳಗೆ.

ಅವನ ಹೆಂಡತಿಯ ತಂಗಿ ಓತೀಲಿಯಾ, ಗಂಡ ತೀರಿಕೊಂಡ ಮೇಲೆ, ಅವನು ಕೆಲಸ ಮಾಡುವ ಟ್ಯಾಕ್ಸಿ ಸ್ಟ್ಯಾಂಡಿನ ಎದುರು ಬದಿಯಲ್ಲಿ ಬಕೆಟ್ ಇಟ್ಟಳು. "ತೊಳೆಯೋ ಕೆಲ್ಸ ತಾನೇ, ಮಾಡ್ಕೊಳ್ಲಿ ಬಿಡು" ಎಂದು ಎಲಾದಿಯೊ ಹೆಂಡತಿಯ ಮುಂದೆ ನಕ್ಕಿದ್ದ.

ಒಂದು ಬೆಳಿಗ್ಗೆ ಹಿರಿಯ ಡ್ರೈವರ್ ದೋನ್ ಇಲಾರಿಯೊನ ಕೆಂಪು ವೋಚೊ ಅವನನ್ನು ದಾಟಿ ಆ ಬದಿಗೆ ಹೋಗಿ ನಿಂತಿತು. ಆ ಕಾರಿನ ಒಂದೊಂದು ಗೀರೂ ಎಲಾದಿಯೊನ ಬೆರಳಿಗೆ ಬಾಯಿಪಾಠ.

"ಏನ್ ದೋನ್ ಇಲಾರಿಯೊ, ದಾರಿ ತಪ್ತಾ?"

"ಇಲ್ಲಪ್ಪ, ಒಂದ್ಸಲ ಓತೀಲಿಯಾ ಕೈಗೂ ಕೊಟ್ಟು ನೋಡೋಣಾಂತ. ನಿನ್ ನಾದಿನೀನೇ ಅಲ್ವಾ, ಹೊರಗಿನೋಳಾ?"

ದಿನವಿಡೀ ಎಲಾದಿಯೊನ ಕೈ ಇಲ್ಲಿ, ಕಣ್ಣು ಅಲ್ಲಿ. ಅವಳು ಮೇಣ ಹಚ್ಚಿ ಕಾದಳು. ಬೆರಳ ತುದಿ ಎಳೆದು, ಅದು ಒಣಗಿದ್ದನ್ನು ಖಚಿತಮಾಡಿಕೊಂಡು ಒರೆಸಿದಳು. ದೋನ್ ಇಲಾರಿಯೊ ಬಾನೆಟ್ಟಿನ ಮೇಲೆ ಬಗ್ಗಿ ಅದರಲ್ಲೇ ಮೀಸೆ ಬಾಚಿಕೊಂಡ. "ಬನ್ರೋ ನೋಡ್ರೋ, ಕನ್ನಡಿ!" ಎಂದು ಸ್ಟ್ಯಾಂಡನ್ನೆಲ್ಲ ಕರೆದ.

ಅಲ್ಲಿಂದ ಒಂದೊಂದೇ ಕಾರು ಆ ಬದಿಗೆ ಸರಿಯಿತು.

ಡ್ರೈವರುಗಳನ್ನು ಕಾಯುವ ಸಂತ ಕ್ರಿಸ್ತೋಬಲ್ ಹಬ್ಬದಂದು ಟ್ಯಾಕ್ಸಿಗಳ ಮೆರವಣಿಗೆ ಹೊರಡುತ್ತದೆ, ಪಾದ್ರಿ ಅವುಗಳನ್ನು ಹರಸುತ್ತಾರೆ. ಆ ಬೆಳಿಗ್ಗೆ ಎಲಾದಿಯೊನ ಕೈಯಲ್ಲಿ ಒಂದು ನೀಲಿ ಕಾರಿತ್ತು. ಇದರ ಮುಂದೆ ಆ ಕೆಂಪು ಸಪ್ಪೆಯಾಗಬೇಕು ಎಂದು ಹಲ್ಲು ಕಚ್ಚಿ ಉಜ್ಜಿದ. ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ತೆಳು, ಅಲ್ಲಿ ಕೈ ಹಗುರವಾಗಿರಬೇಕು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಹೆಬ್ಬೆರಳೊತ್ತಿ ತಿಕ್ಕಿದ. ನೀಲಿಯೊಳಗಿಂದ ಅಡಿಲೇಪದ ಬೂದು ಪ್ರೈಮರ್ ಕಣ್ಣುಬಿಟ್ಟಿತು.

ಅದನ್ನು ಬಟ್ಟೆಯಿಂದ ಮುಚ್ಚಿ ನಿಂತಿದ್ದವನ ಬಳಿ ಓತೀಲಿಯಾ ಬಂದಳು. ಒಂದು ಹೂಮಾಲೆ ತಂದು ಆ ಕಲೆಯ ಮೇಲೇ ಬಿಗಿದಳು.

"ಮೆರವಣಿಗೆ ಮುಗಿಯೋವರ್ಗೂ ಇದು ಅಲ್ಲಾಡಲ್ಲ ಭಾವ. ನಾಳೆ ಕಾರಿನೋನಿಗೆ ಹೇಳಿ, ಬಣ್ಣ ಹಚ್ಚಿಕೊಡಿ."

ಕೃತಜ್ಞತೆ ಬರಬೇಕಿತ್ತು. ಬಂದದ್ದು ಇನ್ನೂ ದೊಡ್ಡ ಉರಿ. "ಯಾರೇ ಕಲ್ಸಿದ್ದು ನಿಂಗೆ ಈ ಕೆಲ್ಸ?" ಎಂದು ಗದರಿದ.

"ನೀವೇ. ನಿಮ್ಮನೆ ಮಾಳಿಗೆ ಮೇಲೆ ಬಟ್ಟೆ ಒಣಗ್ಹಾಕ್ತಾ ಕೆಳಗೆ ಬೀದೀಲಿ ನಿಮ್ ಕೈನೇ ನೋಡ್ತಿದ್ದೆ."

"ಕಳ್ಳಿ!"

"ನಿಮ್ ಕೆಲ್ಸಾನ ನಡುಬೀದೀಲಿ ಹರಡ್ಕೊಂಡು ಕೂತಿದ್ರಿ. ಅದನ್ನೂ ಕಳ್ಳತನ ಅಂತಾರಾ ಭಾವ?" ಅವಳು ನಕ್ಕಳು. ಅವನು ನಗಲಿಲ್ಲ.

ಮರುದಿನ ನೀಲಿ ಕಾರಿನವನ ಮುಂದೆ ತಪ್ಪೊಪ್ಪಿಕೊಂಡು ಅಂಚಿಗೆ ಬಣ್ಣ ಹಚ್ಚಿಕೊಟ್ಟ. ಕೆಂಪು ವೋಚೊ ಮಾತ್ರ ಅವನ ಬದಿಗೆ ಮರಳಲಿಲ್ಲ. ಹೊಸ ಡ್ರೈವರುಗಳು ಓತೀಲಿಯಾಳ ಕೆಲಸ ಹೊಗಳಿದರೆ, "ನಾನೇ ಕಲ್ಸಿದ್ದು" ಎಂದು ಎಲಾದಿಯೊ ಎದೆಯುಬ್ಬಿಸುತ್ತಾನೆ. "ನಿಮಗಿಂತ ನಯ" ಎಂದು ಯಾರಾದರೂ ಸೇರಿಸಿಬಿಟ್ಟರೆ ಅವತ್ತು ಮಧ್ಯಾಹ್ನದ ತಮಾಲೆ ಕಡುಬನ್ನು ಅರ್ಧಕ್ಕೇ ಬಿಡುತ್ತಾನೆ. ಆ ಕೆಂಪು ಕಾರು ಗುಡ್ಡ ಹತ್ತಿ ಬಂದಾಗಲೆಲ್ಲ ಬಾಗಿಲಿನ ಸಂದಿಯಲ್ಲಿ ಎಲ್ಲಾದರೂ ಒರೆಸದೆ ಉಳಿದ ಮೇಣದ ಬಿಳಿಗೆರೆ ಇದೆಯೇ ಎಂದು ಹುಡುಕುತ್ತಾನೆ. ಇನ್ನೂ ಸಿಕ್ಕಿಲ್ಲ.